ಸಹಾಯ ಬೇಕು: ಎರಡು ಪೈಥಾನ್ ಎಕ್ಸ್‌ಟೆನ್ಶನ್‌ಗಳು ಹಂಚಿಕೊಂಡ ಅರೇ ಬೆಳೆಯುವಾಗ ಹಳೆಯ ಮೆಮೊರಿಯನ್ನು ಕಾಯುವುದು ಹೇಗೆ?

ಬಲ್ಲವರೆಲ್ಲರಿಗೂ ವಿಜಯಪುರದಿಂದ ನಮಸ್ಕಾರ. ಆಲಮಟ್ಟಿ ಜಲಾಶಯದ ನೀರಿನ ಮಟ್ಟ ಮತ್ತು ಒಳಹರಿವಿನ ಅಂಕಿಗಳನ್ನು ವಿಶ್ಲೇಷಿಸಲು ನಾವು ಸಿ ಭಾಷೆಯಲ್ಲಿ ಎರಡು ಪೈಥಾನ್ ಎಕ್ಸ್‌ಟೆನ್ಶನ್ (ಪೈಥಾನ್‌ಗೆ ಜೋಡಿಸುವ ಮಾಡ್ಯೂಲ್) ಬರೆದಿದ್ದೇವೆ. ಮೊದಲನೆಯದು ಅಂಕಿಗಳನ್ನು ಓದಿ ಅರೇಯಲ್ಲಿ ಇಡುತ್ತದೆ. ಎರಡನೆಯದು ಅದೇ ಮೆಮೊರಿಯನ್ನು ನಕಲು ಮಾಡದೆ, ಪೆಪ್ 3118 ಎಂಬ ಪೈಥಾನ್ ಪ್ರಸ್ತಾವದ ಬಫರ್ ಪ್ರೋಟೊಕಾಲ್ (ಆಬ್ಜೆಕ್ಟ್‌ಗಳು ಮೆಮೊರಿ ಹಂಚಿಕೊಳ್ಳುವ ನಿಯಮ) ಮೂಲಕ ಪಡೆದು, ಬೇರೊಂದು ಥ್ರೆಡ್‌ನಲ್ಲಿ ಲೆಕ್ಕ ಹಾಕುತ್ತದೆ. ಅರೇಯ ಆಕಾರ, ಸ್ಟ್ರೈಡ್ (ಒಂದು ಅಂಕಿಯಿಂದ ಮುಂದಿನದಕ್ಕೆ ಇರುವ ಬೈಟ್‌ಗಳ ಅಂತರ), ಫಾರ್ಮ್ಯಾಟ್ ಎಲ್ಲವೂ ಸರಿಯಾಗಿ ತಲುಪುತ್ತಿವೆ.

ತೊಡಕಿರುವುದು ಹೊಸ ಅಂಕಿಗಳು ಬಂದು ಅರೇ ಬೆಳೆಯಬೇಕಾದಾಗ. ಎರಡನೆಯದರ ಕೈಯಲ್ಲಿ ವ್ಯೂ (ಹಂಚಿಕೊಂಡ ಮೆಮೊರಿಯನ್ನು ತೋರಿಸುವ ದಾಖಲೆ) ಇರುವಾಗಲೇ ರೀಅಲಾಕ್ ಮಾಡಿದರೆ, ಅಂದರೆ ಮೆಮೊರಿಯ ಗಾತ್ರ ಬದಲಿಸಿದರೆ, ಅದರ ಪಾಯಿಂಟರ್ ಬಿಡುಗಡೆಯಾದ ಮೆಮೊರಿಯನ್ನು ತೋರಿಸುತ್ತ ಉಳಿಯಬಹುದು. ಪೈಥಾನ್‌ನ ಬೈಟ್‌ಅರೇ ಮಾಡುವಂತೆ, ವ್ಯೂ ಇರುವಾಗ ಅರೇ ಬೆಳೆಸಲು ಬಫರ್‌ಎರರ್ ಎಂಬ ದೋಷ ಕೊಟ್ಟು ನಿರಾಕರಿಸಿ ನೋಡಿದೆವು. ಮೆಮೊರಿಯೇನೋ ಸುರಕ್ಷಿತ, ಆದರೆ ಮಳೆಗಾಲದಲ್ಲಿ ಒಳಹರಿವು ಏರುವ ಹೊತ್ತಿಗೇ ಹೊಸ ಅಂಕಿಗಳು ಕಾಯುತ್ತ ಕೂರುವುದು ಸರಿಯಲ್ಲ. ಪ್ರತಿ ಸಲವೂ ನಕಲು ಕೊಟ್ಟರೆ ಹಂಚಿಕೆಯ ಉದ್ದೇಶವೇ ಹೋಗುತ್ತದೆ.

ಆದ್ದರಿಂದ ಹೊಸ ಮೆಮೊರಿ ಬ್ಲಾಕ್ ಪಡೆದು, ಹಳೆಯದನ್ನು ಅದರ ಕೊನೆಯ ವ್ಯೂ ಬಿಡುಗಡೆಯಾದ ಮೇಲಷ್ಟೇ ಅಳಿಸಬೇಕೆಂದಿದ್ದೇವೆ. ಇದಕ್ಕೆ ವ್ಯೂನ ಇಂಟರ್ನಲ್ ಫೀಲ್ಡ್‌ನಲ್ಲಿ (ಮೆಮೊರಿ ಕೊಡುವ ಆಬ್ಜೆಕ್ಟ್‌ನ ಸ್ವಂತ ಬಳಕೆಗಿರುವ ಜಾಗ) ಬ್ಲಾಕ್‌ನ ವಿಳಾಸವಿಟ್ಟು ವ್ಯೂಗಳ ಎಣಿಕೆಯನ್ನು ನಾವೇ ನೋಡಿಕೊಳ್ಳಬಹುದು. ಇಲ್ಲವೇ ಪ್ರತಿ ಬ್ಲಾಕನ್ನೂ ಸ್ವತಂತ್ರ ಪೈಥಾನ್ ಆಬ್ಜೆಕ್ಟ್ ಮಾಡಿ, ವ್ಯೂನ ಆಬ್ಜ್ ಫೀಲ್ಡ್‌ನಲ್ಲಿ (ಮೆಮೊರಿ ಕೊಟ್ಟ ಆಬ್ಜೆಕ್ಟನ್ನು ಹಿಡಿದಿಡುವ ಜಾಗ) ನಮ್ಮ ಅರೇಯ ಬದಲು ಆ ಬ್ಲಾಕ್‌ನ ರೆಫರೆನ್ಸ್ ಇಡಬಹುದು. ಪೈಥಾನ್‌ನ ಅಧಿಕೃತ ದಾಖಲೆಯು ವ್ಯೂ ಕೋರಿಕೆಯನ್ನು ಮೂಲ ಆಬ್ಜೆಕ್ಟ್‌ಗೆ ದಾಟಿಸಲು ಒಪ್ಪುತ್ತದೆ. ಆ ಮೂಲವೇ ನಡುವೆ ಬದಲಾದರೆ ಏನೆಂಬಲ್ಲಿ ನಾವು ನಿಂತಿದ್ದೇವೆ.

ಎರಡನೆಯ ದಾರಿ ಹಿಡಿದರೆ ನಂಪೈ (ಪೈಥಾನ್‌ನ ಅಂಕಿ ಲೆಕ್ಕದ ಲೈಬ್ರರಿ) ಅರೇ ಮತ್ತು ಪೈಥಾನ್‌ನದೇ ಮೆಮೊರಿವ್ಯೂ ಆಬ್ಜೆಕ್ಟ್ ಎರಡೂ ಹಳೆಯ ಬ್ಲಾಕನ್ನು ಕೊನೆಯವರೆಗೆ ಹಿಡಿದಿಡುತ್ತವೆಯೇ, ಅಥವಾ ಇಂಟರ್ನಲ್ ಫೀಲ್ಡ್‌ನ ದಾರಿಯೇ ಹೆಚ್ಚು ಸುರಕ್ಷಿತವೇ? ಮಾಡಿ ಬಲ್ಲವರು ದಯವಿಟ್ಟು ತಿಳಿಸಬೇಕು.