ಸಹಾಯ ಬೇಕು: ವೀಲ್‌ಚೇರ್ ಬಳಸುವ ತಾಯಿಯವರೊಂದಿಗೆ ಲಕ್ಷದ್ವೀಪದ ಕ್ರೂಸ್ ಪ್ರಯಾಣ

ಎಲ್ಲರಿಗೂ ನಮಸ್ಕಾರ. ಪಾರ್ಶ್ವವಾಯುವಿನ ನಂತರ ವೀಲ್‌ಚೇರ್ ಬಳಸುತ್ತಿರುವ ನಮ್ಮ ತಾಯಿಯವರನ್ನು ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ಕ್ರೂಸ್ ಹಡಗಿನಲ್ಲಿ ಕರೆದೊಯ್ಯಬೇಕೆಂದಿದ್ದೇವೆ. ನಡುಸಮುದ್ರದಲ್ಲಿ ಸೂರ್ಯೋದಯ ನೋಡಬೇಕೆಂಬುದು ಅವರ ಬಹುಕಾಲದ ಆಸೆ.

ನನ್ನ ಮುಖ್ಯ ಚಿಂತೆ ದ್ವೀಪದಲ್ಲಿ ಇಳಿಯುವುದರ ಬಗ್ಗೆ. ಅಲ್ಲಿ ಹವಳದ ದಿಬ್ಬಗಳ ಒಳಗಿನ ನೀರು ಆಳವಿಲ್ಲದ ಕಾರಣ ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತವೆ. ಪ್ರಯಾಣಿಕರು ಹಡಗಿನ ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ದಾಟಬೇಕು. ಅಲೆಗಳಿಗೆ ದೋಣಿ ಏರಿಳಿಯುತ್ತಿರುವಾಗ, ಒಂದು ಹೆಜ್ಜೆಯನ್ನೂ ಊರಲಾಗದವರನ್ನು ಸಿಬ್ಬಂದಿ ಎತ್ತಿ ಇಳಿಸುತ್ತಾರೆಯೇ, ಅಥವಾ ಹಡಗಿನಲ್ಲೇ ಉಳಿಯಲು ಹೇಳುತ್ತಾರೆಯೇ? ಉಳಿಯಬೇಕಾದರೂ ಚಿಂತೆಯಿಲ್ಲ, ಮೊದಲೇ ತಿಳಿದಿದ್ದರೆ ಅವರಿಗೆ ಅಲ್ಲಿ ಹೋದ ಮೇಲೆ ನಿರಾಸೆಯಾಗುವುದು ತಪ್ಪುತ್ತದೆ.

ಕೋಣೆಯ ವಿಷಯವೂ ಇದೆ. ಅವರ ಕುರ್ಚಿಯ ಅಗಲ 26 ಇಂಚು. ಹಡಗಿನ ಸಾಮಾನ್ಯ ಕೋಣೆಗಳಲ್ಲಿ ಬಾಗಿಲು ಕಿರಿದಾಗಿದ್ದು, ಬಚ್ಚಲಿಗೆ ಎತ್ತರದ ಹೊಸ್ತಿಲಿರುತ್ತದೆ. ವೀಲ್‌ಚೇರ್‌ಗೆಂದೇ ಮಾಡಿದ ಕೋಣೆಗಳು ಕೆಲವೇ ಇರುವುದರಿಂದ ಬೇಗ ಕಾಯ್ದಿರಿಸಬೇಕು, ಆದರೆ ನಾವು ವಿಚಾರಿಸಿದ ಏಜೆಂಟರು "ಎಲ್ಲಾ ಅನುಕೂಲವಿದೆ" ಎನ್ನುತ್ತಾರೆಯೇ ಹೊರತು ಅಳತೆ ಕೊಡುವುದಿಲ್ಲ.

ಈ ಮಾರ್ಗದಲ್ಲಿ ವೀಲ್‌ಚೇರ್‌ನಲ್ಲಿ ಹೋಗಿಬಂದವರು, ಅಥವಾ ಅಂಥವರ ಜೊತೆಗಿದ್ದವರು, ಬಾಗಿಲಿನ ಅಗಲ, ಬಚ್ಚಲಿನ ಹಿಡಿಕಂಬಿ, ದೋಣಿಗೆ ಇಳಿಸುವ ರೀತಿ ಇವುಗಳ ಬಗ್ಗೆ ಕಣ್ಣಾರೆ ಕಂಡದ್ದನ್ನು ದಯವಿಟ್ಟು ತಿಳಿಸಿ. ಫೋಟೊ ಇದ್ದರೆ ಇನ್ನೂ ಉಪಕಾರ.