ಮ್ಯಾಗ್ನೆಟ್ ಜನರೇಟರ್ ತಗೋಬಹುದೇನ್ರಿ? ಗೊತ್ತಿದ್ದವ್ರು ಹೇಳ್ರಿ

ಕೇಳಿದವರು, ಜಮಖಂಡಿ: ಇಲ್ಲೊಬ್ಬರು 3 ಕಿಲೋವ್ಯಾಟ್ ಮ್ಯಾಗ್ನೆಟಿಕ್ ಜನರೇಟರ್ 85 ಸಾವಿರಕ್ಕ ಕೂಡಿಸಿ ಕೊಡ್ತೀವಿ ಅನ್ನಾಕತ್ತಾರ. ಡೀಸೆಲ್ ಬ್ಯಾಡ, ಬಿಸಿಲು ಬ್ಯಾಡ, ಒಮ್ಮೆ ತಿರುವಿ ಬಿಟ್ರ ಸಾಕಂತ. ಬಲ್ಬ್ ಹಚ್ಚಿ ತೋರಿಸ್ಯಾರ. ನಮ್ಮನ್ಯಾಗ 3 ಫ್ಯಾನ್, ಟಿವಿ, ಫ್ರಿಜ್; ತಿಂಗಳಿಗೆ 110 ಯುನಿಟ್. ಕರೆಂಟ್ ಹೋದಾಗ ಭಾಳ ತ್ರಾಸ ಐತ್ರಿ.

ಮೋಟಾರ್ ವೈಂಡಿಂಗ್, ವಿಜಯಪುರ: ಬ್ಯಾಡ್ರಿ. ಆಯಸ್ಕಾಂತ ಕರೆಂಟ್ ಹುಟ್ಟಿಸಂಗಿಲ್ಲ, ತಿರುಗಿಸಿದ ಶಕ್ತೀನ ಕರೆಂಟ್ ಮಾಡ್ತದ. ಆಲಮಟ್ಟಿಯೊಳಗ 290 ಮೆಗಾವ್ಯಾಟ್ ತೆಗೀತಾರ, ಅಲ್ಲೂ ಮಷೀನಿನೊಳಗ ಆಯಸ್ಕಾಂತನ ಅದ, ಆದ್ರ ತಿರುಗಿಸೋದು ಕೃಷ್ಣೆಯ ನೀರು. ಗಾಣದ ಎತ್ತು ಬಿಚ್ಚಿದ ಮ್ಯಾಲ ಗಾಣ ತಿರುಗತದೇನ್ರಿ?

ನಂಬಿಕಿ ಬರ್ಲಿಲ್ಲಂದ್ರ ಹಳೇ ಸೈಕಲ್ ಡೈನಮೋ ಒಂದು ತಗೊಳ್ರಿ. ಅದರ ತಂತಿಯ ಎರಡೂ ತುದಿ ಬಿಡಿಸಿ ಕೈಲೆ ತಿರುವ್ರಿ, ಹಗುರಾಗಿ ತಿರುಗತದ. ಈಗ ಎರಡೂ ತುದಿ ಕೂಡಿಸಿ ತಿರುವ್ರಿ, ಬಿಗಿ ಹಿಡೀತದ. ಕರೆಂಟ್ ಹರಿದಷ್ಟೂ ಅದು ಹಿಂದಕ್ಕ ಜಗ್ಗತದ. ಬರೇ ತಿರುಗೋ ಗಾಲಿ ತೋರಿಸಿದ್ರ ಏನೂ ತೋರಿಸಿದಂಗಲ್ಲ, ಲೋಡ್ (ಕರೆಂಟ್ ತಿನ್ನೋ ಸಾಮಾನು) ಹಾಕಿದ ಮ್ಯಾಲ ತಿರುಗಬೇಕು.

ಎಲೆಕ್ಟ್ರಿಕಲ್ ಪಾಠ ಹೇಳೋರು, ಬೆಳಗಾವಿ: ಮೋಟಾರ್, ಅದಕ್ಕ ಬೆಲ್ಟ್, ಭಾರದ ಗಾಲಿ, ಆಲ್ಟರ್ನೇಟರ್ (ತಿರುಗಿಸಿದ್ರ ಕರೆಂಟ್ ಕೊಡೋ ಮಷೀನ್), ಅದರ ಕರೆಂಟ್ ಮತ್ತ ಅದೇ ಮೋಟಾರಿಗೆ ಅಂತ ಮಾಡ್ತಾರಲ್ಲ, ಅದರ ಲೆಕ್ಕ ನೋಡ್ರಿ. ಸಣ್ಣ 1 ಎಚ್‌ಪಿ ಮೋಟಾರ್ ಸುಮಾರು 1000 ವ್ಯಾಟ್ ತಿಂದು 746 ವ್ಯಾಟ್ ಕೊಡ್ತೈತಿ. ಆಲ್ಟರ್ನೇಟರ್ 80 ಪರ್ಸೆಂಟ್ ಹಿಡಿದ್ರ ಕೈಗೆ ಉಳಿಯೋದು 600. ಬೆಲ್ಟ್ ತಿನ್ನೋದು ಬ್ಯಾರೆ. ಮೋಟಾರಿಗೇ 400 ಕಡಿಮಿ ಬಿತ್ತು, ಮನಿಗೆ ಎಲ್ಲಿಂದ ಬರಬೇಕು?

ಗಾಲಿ ಶಕ್ತಿ ಹೆಚ್ಚಿಸ್ತೈತಿ ಅಂತಾರ. ಇಲ್ಲ, ಕೂಡಿಟ್ಟದ್ದನ್ನ ವಾಪಸ್ ಕೊಡ್ತೈತಿ, ಅಷ್ಟ. 50 ಕೆಜಿಯ, 2 ಅಡಿ ಅಗಲದ ಗಟ್ಟಿ ಗಾಲಿ 1500 ಆರ್‌ಪಿಎಂನಾಗ ಹಿಡಿಯೋದು ಸುಮಾರು 28 ಸಾವಿರ ಜೂಲ್. 500 ವ್ಯಾಟ್ ಲೋಡಿಗೆ ಒಂದು ನಿಮಿಷಾನೂ ಪೂರ್ತಿ ಬರೂದಿಲ್ಲ.

ಇನ್ನೊಂದು: 3 ಕಿಲೋವ್ಯಾಟ್ ಹಗಲೂ ರಾತ್ರಿ ಬಂದ್ರ ದಿನಕ್ಕ 72 ಯುನಿಟ್. ಅಂಥದ್ದು ಇದ್ದಾಂವ ಹಿಟ್ಟಿನ ಗಿರಣಿ ಹಾಕತಿದ್ದ, ನಿಮ್ಮ ಮನಿಗೆ ಬರ್ತಿರಲಿಲ್ಲ.

ಮೋಟಾರ್ ವೈಂಡಿಂಗ್, ವಿಜಯಪುರ: ಡೆಮೋ ಹೆಂಗ ನೋಡಬೇಕಂತ ಹೇಳ್ತೀನಿ. 12 ವೋಲ್ಟ್ 7 ಎಎಚ್ (ಬ್ಯಾಟರಿ ಎಷ್ಟು ಕರೆಂಟ್ ಕೂಡಿಡತದ ಅನ್ನೋ ಅಳತಿ) ಬ್ಯಾಟರಿ ಒಂದು ಟಿಫಿನ್ ಡಬ್ಬಿಯಷ್ಟ ಇರ್ತದ, 9 ವ್ಯಾಟ್ ಎಲ್‌ಇಡಿಯನ್ನ 7-8 ತಾಸು ಉರಸ್ತದ. ಡಬ್ಬದ ತಳದಾಗ ಅಡಗಿಸಿದ್ರ ಯಾರಿಗೂ ಗೊತ್ತಾಗಂಗಿಲ್ಲ. ಅದಕ್ಕ ಬಲ್ಬ್ ನೋಡಬ್ಯಾಡ್ರಿ. ನೀರು ಕಾಸೋ 1000 ವ್ಯಾಟಿನ ಕಾಯಿಲ್ ನಿಮ್ಮನ್ಯಾಗಿಂದ ಒಯ್ದು ಬಕೀಟಿನಾಗ ಇಳಿಬಿಟ್ಟು ಹಚ್ಚ್ರಿ. ಮಷೀನ್ ನೆಲ ಬಿಟ್ಟು ಟೇಬಲ್ ಮ್ಯಾಲ ಇರ್ಲಿ, ಮುಚ್ಚಳ ತೆಗೆದಿರ್ಲಿ. ಪೂರಾ ಒಂದು ತಾಸು ನಡೀಲಿ, ಕಾಯಿಲ್ ನೀರಾಗ ಮುಳುಗೇ ಇರ್ಲಿ. ಮೀಟರಿನಾಗ 230 ವೋಲ್ಟ್ ತೋರಿಸಿದ್ರಂತ ಒಪ್ಪಬ್ಯಾಡ್ರಿ, ಲೋಡ್ ಇಲ್ಲದಾಗ ವೋಲ್ಟ್ ಬರೂದು ದೊಡ್ಡ ಮಾತಲ್ಲ. ಲೋಡ್ ಮ್ಯಾಲ ಕ್ಲ್ಯಾಂಪ್ ಮೀಟರ್ (ತಂತಿ ಸುತ್ತ ಹಿಡಿದು ಕರೆಂಟ್ ಅಳಿಯೋ ಮೀಟರ್) ಹಾಕಿ ಆಂಪಿಯರ್ ನೋಡ್ರಿ, 4ರ ಸುತ್ತ ಬರಬೇಕು.

ಸೀಲಿಂಗ್ ಫ್ಯಾನಿಗೆ ಮ್ಯಾಗ್ನೆಟ್ ಅಂಟಿಸಿ ಜನರೇಟರ್ ಮಾಡೋದು ಖರೇ ಅದ. ಕಲಿಲಿಕ್ಕೆ ಛಲೋ, ಆದ್ರ ಕೈಲೋ ಗಾಳಿಲೋ ಯಾರರೆ ತಿರುಗಿಸಬೇಕು. ಫ್ಯಾನಿನ ತಂತಿ ಸಣ್ಣದು, 0.3 ಆಂಪಿಯರ್ ದಾಟಿದ್ರ ವೈಂಡಿಂಗ್ ಸುಡ್ತದ. ಸಾದಾ ನಿಯೋಡಿಮಿಯಂ ಆಯಸ್ಕಾಂತ 80 ಡಿಗ್ರಿ ದಾಟಿ ಕಾಯ್ದ್ರ ಜೋರು ಕಳ್ಕೋತದ.

ಸೋಲಾರ್ ಕೂಡಿಸೋರು, ಬಾಗಲಕೋಟೆ: ಮೊದ್ಲ ಗೃಹಜ್ಯೋತಿ ನೋಡ್ರಿ. ನಿಮ್ಮದು 110 ಯುನಿಟ್, ಹಳೇ ತಿಂಗಳ ಸರಾಸರಿಗೆ 10 ಪರ್ಸೆಂಟ್ ಕೂಡಿಸಿದ್ದರೊಳಗ ಇದ್ರ ಬಿಲ್ಲೇ ಸೊನ್ನೆ. ಹಂಗಿದ್ದಾಗ ಬಿಲ್ ಉಳಸಾಕ ಸೋಲಾರೂ ಬ್ಯಾಡ (ಇದು ನಮ್ಮ ಧಂದೇಕ್ಕ ಲುಕ್ಸಾನಿನ ಮಾತು). ಬಿಲ್ ಬರ್ತಿದ್ರ ಕೇಂದ್ರ ಸರ್ಕಾರದ ಸೂರ್ಯಘರ್ ಸೋಲಾರ್ ಯೋಜನ್ಯಾಗ 1 ಕಿಲೋವ್ಯಾಟಿಗೆ 30 ಸಾವಿರ, 2ಕ್ಕ 60 ಸಾವಿರ ಸಬ್ಸಿಡಿ ಐತಿ. ನಮ್ಮ ಬಿಸಿಲಿಗೆ ಕಿಲೋವ್ಯಾಟಿಗೆ ದಿನಾ ಸುಮಾರು 4 ಯುನಿಟ್, ಜಾಗ 100 ಚದರಡಿ.

ಆದ್ರ ಒಂದು ನೆನಪಿಡ್ರಿ: ಬ್ಯಾಟರಿ ಇಲ್ಲದ ಸೋಲಾರ್, ಲೈನ್ ಹೋದ್ರ ತಾನೂ ಬಂದ್ ಆಗ್ತೈತಿ. ಕಂಬದ ಮ್ಯಾಲ ಲೈನ್‌ಮನ್ ಇರ್ತಾನ, ಅವನ ಜೀವಕ್ಕ ಅಪಾಯ ಆಗಬಾರ್ದಂತ ಹಂಗ ಮಾಡಿರ್ತಾರ. ನಿಮ್ಮ ತ್ರಾಸಿಗೆ ಬೇಕಾದ್ದು ಇನ್ವರ್ಟರ್ ಮತ್ತ 150 ಎಎಚ್ ಟ್ಯೂಬುಲರ್ ಬ್ಯಾಟರಿ. ಅದರಾಗ ನೆಚ್ಚಿ ಬಳಸೋದು ಸುಮಾರು 900 ವ್ಯಾಟ್-ಅವರ್ (0.9 ಯುನಿಟ್). 75 ವ್ಯಾಟಿನ ಹಳೇ ಫ್ಯಾನ್ 3 ಇದ್ರ 4 ತಾಸು. 30 ವ್ಯಾಟಿನ ಬಿಎಲ್‌ಡಿಸಿ (ಕಡಿಮಿ ಕರೆಂಟ್ ತಿನ್ನೋ) ಫ್ಯಾನ್ 3 ಹಾಕಿದ್ರ 10 ತಾಸು. ಫ್ರಿಜ್ ಇದಕ್ಕ ಹಚ್ಚಬ್ಯಾಡ್ರಿ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಅಷ್ಟ ಹಾಕ್ರಿ, ಬೋರಿನ ನೀರು ಹಾಕಿದ್ರ ಪ್ಲೇಟ್ ಕೆಡ್ತಾವ.

ಕೇಳಿದವರು, ಜಮಖಂಡಿ: 5 ಸಾವಿರ ಅಡ್ವಾನ್ಸ್ ಕೊಟ್ಟೇನ್ರಿ.

ಎಲೆಕ್ಟ್ರಿಕಲ್ ಪಾಠ ಹೇಳೋರು, ಬೆಳಗಾವಿ: ಉಳಿದದ್ದು ಕೊಡಬ್ಯಾಡ್ರಿ. ಕೊಟ್ಟದ್ದು ವಾಪಸ್ ಬೇಕಂತ ವಾಟ್ಸಾಪಿನಾಗ ಬರದು ಕೇಳ್ರಿ, ಮಾತಿನ್ಯಾಗ ಅಲ್ಲ. ರಸೀದಿ, ಅವರ ಪಾಂಪ್ಲೆಟ್ ತೆಗೆದಿಟ್ಟು ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಮಾಡ್ರಿ.