ಈ ತಿಂಗಳು ನಿಮಗೆ ತುಂಬಾ ಹಿಡಿಸಿದ್ದು ಏನು? ಸಿನಿಮಾ, ಚಿತ್ರ, ತಿಂಡಿ, ಏನಾದ್ರೂ ಸರಿ

ಸರಸ್ವತಿಪುರಂ ಸೈಕಲ್:
ತಿಂಗಳು ಮುಗಿಯುತ್ತಾ ಬಂತು. ಸಿನಿಮಾ, ಚಿತ್ರಕಲೆ, ಊಟ ತಿಂಡಿ, ಇಲ್ಲಾ ಯಾರೋ ಅಚ್ಚುಕಟ್ಟಾಗಿ ಮಾಡಿಟ್ಟ ಒಂದು ವಸ್ತು, ಈ ತಿಂಗಳು ನಿಮ್ಮ ಮನಸ್ಸಿಗೆ ಹತ್ತಿದ್ದು ಯಾವುದು ಹೇಳಿ. ಹೊಸದಾಗಿ ಬಂದಿದ್ದೇ ಆಗಬೇಕಿಲ್ಲ, ನಿಮ್ಮ ಕಣ್ಣಿಗೆ ಈಗ ಬಿದ್ದಿದ್ದರೆ ಸಾಕು. ಆದರೆ ‘ಸೂಪರ್, ಹೋಗಿ ನೋಡಿ’ ಅಂತ ಹೇಳಿ ಓಡಿಹೋಗಬೇಡಿ. ಅದರಲ್ಲಿ ಏನು ಕಂಡಿರಿ ಅಂತಲೂ ಹೇಳಿ.

ನಂದು ಮೊದಲು. ಶ್ರೀರಂಗಪಟ್ಟಣದ ದರಿಯಾ ದೌಲತ್, ಟಿಪ್ಪುವಿನ ಬೇಸಿಗೆ ಅರಮನೆ. ನಗಬೇಡಿ! ಸ್ಕೂಲ್ ಟೂರಿನಲ್ಲಿ ಎಲ್ಲರೂ ಸಾಲಾಗಿ ಒಳಗೆ ಹೋಗಿ ಸಾಲಾಗಿ ಹೊರಗೆ ಬಂದವರೇ. ಈ ಸಲ ನೆಂಟರನ್ನು ಒಳಗೆ ಕಳಿಸಿ ನಾನು ಪಶ್ಚಿಮದ ಗೋಡೆ ಹತ್ತಿರವೇ ನಿಂತೆ. ಪೊಳ್ಳಿಲೂರು ಯುದ್ಧದ ಚಿತ್ರ ಇರುವುದು ಅಲ್ಲೇ. 1780ರಲ್ಲಿ ಹೈದರ್, ಟಿಪ್ಪು ಸೇರಿ ಕಾಂಚೀಪುರದ ಹತ್ತಿರ ಇಂಗ್ಲಿಷರ ಪಡೆಯನ್ನು ಮುರಿದ ಯುದ್ಧ. ಕೆಂಪು ಕೋಟಿನ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ, ಎಲ್ಲರದೂ ಒಂದೇ ಮುಖ. ಮದ್ದಿನ ಗಾಡಿ ಸಿಡಿಯುತ್ತಿದೆ. ಇಂಗ್ಲಿಷರ ಪಡೆ ನಡೆಸಿದ ಕರ್ನಲ್ ಬೇಯ್ಲಿ ಗಾಯಗೊಂಡು ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಇಷ್ಟೆಲ್ಲ ಗಲಾಟೆ ನಡುವೆ ಟಿಪ್ಪು ಮಾತ್ರ ಆರಾಮಾಗಿ ಗುಲಾಬಿ ಮೂಸುತ್ತಿದ್ದಾನೆ. ಕಟ್ಟಡ 1784ರದ್ದು, ಆದರೆ ಚಿತ್ರಕ್ಕೆ ಆಮೇಲೆಯೂ ಬಣ್ಣ ಬಿದ್ದಿದೆ, 1855ರಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಡಾಲ್‌ಹೌಸಿ ಅಪ್ಪಣೆ ಮಾಡಿ ಮತ್ತೆ ಬರೆಸಿದ. ಸೋತ ಕಡೆಯವನೇ ತಮ್ಮ ಸೋಲಿಗೆ ಹೊಸ ಬಣ್ಣ ಹೊಡೆಸಿದ್ದು ನೋಡಿ, ನನಗೆ ಜಾಸ್ತಿ ಮಜಾ ಅನ್ನಿಸಿದ್ದು ಅದೇ.

ಊಟ, ಸಿನಿಮಾ ವಿಷಯದಲ್ಲಿ ಈ ತಿಂಗಳು ನನ್ನದು ಸೊನ್ನೆ. ನೀವೇ ದಾರಿ ತೋರಿಸಿ.

ಮಂಡ್ಯದ ಹೈದ:
ಸಿನಿಮಾ ನಾನು ಹೇಳುತ್ತೇನೆ ಗುರು. ‘ತಿಥಿ’. 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ತಗೊಂಡಿದ್ದು, ನನಗೆ ನೋಡಲು ಟೈಮ್ ಸಿಕ್ಕಿದ್ದು ಈಗ. ನಮ್ಮ ಜಿಲ್ಲೆಯ ಹಳ್ಳಿಯಲ್ಲೇ ತೆಗೆದಿದ್ದಾರೆ, ಪಾತ್ರ ಮಾಡಿದವರೂ ಸಿನಿಮಾದವರಲ್ಲ, ಹಳ್ಳಿ ಜನ. ಸೆಂಚುರಿ ಗೌಡ 101 ವರ್ಷ ಬದುಕಿ ಸಾಯುತ್ತಾನೆ. ಮಗ ಗಡ್ಡಪ್ಪನಿಗೆ ಅಪ್ಪ ಸತ್ತರೂ ಅಷ್ಟೇ, ಜಮೀನು ಹೋದರೂ ಅಷ್ಟೇ, ಸುಮ್ನೆ ನಡೆದುಕೊಂಡು ಹೋಗುತ್ತಿರುತ್ತಾನೆ. ಮೊಮ್ಮಗ ತಮ್ಮಣ್ಣ ಆ ಜಮೀನು ಮಾರುವುದಕ್ಕೆ ಒದ್ದಾಡುತ್ತಾನೆ. ಮರಿಮಗನಿಗೆ ಕುರಿ ಕಾಯುವ ಹುಡುಗಿ ಹಿಂದೆ ಸುತ್ತುವುದೇ ಕೆಲಸ. 11ನೇ ದಿನದ ತಿಥಿ ಊಟದೊಳಗೆ ಇಷ್ಟೂ ಆಗಬೇಕು.

ನನಗೆ ಹಿಡಿಸಿದ್ದು ಮಾತು. ಬೇರೆ ಸಿನಿಮಾದಲ್ಲಿ ಮಂಡ್ಯದವನು ಅಂದರೆ ಕೂಗಾಡಬೇಕು, ಇಲ್ಲಾ ನಗಿಸಬೇಕು. ಇಲ್ಲಿ ಜನ ಮೆಲ್ಲಗೂ ಮಾತಾಡುತ್ತಾರೆ, ಸುಳ್ಳನ್ನೂ ಮರ್ಯಾದೆಯಿಂದಲೇ ಹೇಳುತ್ತಾರೆ. ನಮ್ಮ ಚಿಕ್ಕಪ್ಪನೂ ಪಹಣಿ ವಿಷಯ ಬಂದರೆ ಥೇಟ್ ಹೀಗೆಯೇ. ಕೆಲವರಿಗೆ ನಿಧಾನ ಅನ್ನಿಸಬಹುದು, ಅಂಥವರು ಮಧ್ಯದಲ್ಲಿ ಎದ್ದು ಕಾಫಿ ಕುಡಿದು ಬರಲಿ.

ಅಗ್ರಹಾರದ ಅಜ್ಜಿ ಮೊಮ್ಮಗ:
ಸೈಕಲ್ ಅವರೇ, ಗೋಡೆ ಚಿತ್ರ ಸರಿ, ಜಗನ್ಮೋಹನ ಅರಮನೆಯನ್ನು ಬಿಟ್ಟರೆ ಹೇಗೆ? ದೀಪ ಹಿಡಿದ ಹೆಂಗಸಿನ ಚಿತ್ರ, ಕತ್ತಲೆ ಕೋಣೆಯಲ್ಲಿ ಇಟ್ಟಿದ್ದಾರಲ್ಲ, ಅದು. ನನ್ನ ಪಕ್ಕದಲ್ಲಿ ನಿಂತಿದ್ದ ಒಬ್ಬರು ಮಕ್ಕಳಿಗೆ ‘ರವಿವರ್ಮನ ಚಿತ್ರ’ ಅಂತ ಧೈರ್ಯವಾಗಿ ಪಾಠ ಮಾಡುತ್ತಿದ್ದರು. ಅಲ್ಲ ಸ್ವಾಮಿ! ಬರೆದವರು ಎಸ್.ಎಲ್. ಹಲ್ದನ್‌ಕರ್, ಚಿತ್ರಕ್ಕೆ ನಿಂತವರು ಅವರ ಮಗಳು ಗೀತಾ.

ಅದಕ್ಕಿಂತ ದೊಡ್ಡ ವಿಷಯ, ಅದು ತೈಲವರ್ಣ ಅಲ್ಲ, ಜಲವರ್ಣ. ವಾಟರ್ ಕಲರ್ ಹಿಡಿದವರಿಗೆ ಗೊತ್ತು, ಅದರಲ್ಲಿ ಬೆಳಕನ್ನು ಕೊನೆಗೆ ಮೆತ್ತಲು ಬರುವುದಿಲ್ಲ, ಕಾಗದದ ಬಿಳಿಯನ್ನು ಮೊದಲಿಂದಲೇ ಕಾಪಾಡಿಕೊಂಡು ಬರಬೇಕು. ದೀಪಕ್ಕೆ ಅಡ್ಡ ಹಿಡಿದ ಕೈ ನೋಡಿ. ಬೆರಳುಗಳ ಒಳಗಿಂದ ಬೆಳಕು ಕೆಂಪಗೆ ಹಾಯುತ್ತದೆ, ಚಿಕ್ಕವರಿದ್ದಾಗ ಟಾರ್ಚ್ ಮೇಲೆ ಅಂಗೈ ಇಟ್ಟು ನೋಡುತ್ತಿದ್ದೆವಲ್ಲ, ಅದೇ ಕೆಂಪು. ಮುಖಕ್ಕಿಂತ ಆ ಕೈ ಎದುರು ಜಾಸ್ತಿ ಹೊತ್ತು ನಿಂತಿದ್ದೆ.

ಪಾಂಡವಪುರ ಪುಟ್ಟಿ:
ಎಲ್ಲರೂ ಚಿತ್ರ ನೋಡಿಕೊಂಡೇ ಇರಿ, ಹೊಟ್ಟೆಗೆ ನಾನು ಹೇಳುತ್ತೇನೆ. ಆಲೆಮನೆಯ ಬಿಸಿ ಬೆಲ್ಲ. ಊರಲ್ಲೇ ಹುಟ್ಟಿ ಬೆಳೆದರೂ ಕೊಪ್ಪರಿಗೆ ಹತ್ತಿರ ಪೂರ್ತಿ ಒಂದು ಪಾಕ ಇಳಿಯುವ ತನಕ ಕೂತಿದ್ದು ಇದೇ ಮೊದಲು. ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ತುಂಬುತ್ತಾರೆ. ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡ ಜಜ್ಜಿದ ಲೋಳೆ ನೀರು ಹಾಕಿದರೆ ಕೊಳೆಯೆಲ್ಲ ನೊರೆ ಜೊತೆ ಮೇಲೆ ಬರುತ್ತದೆ, ಅದನ್ನು ಎತ್ತಿ ಎಸೆಯುತ್ತಾರೆ. ಆಮೇಲೆ ನೊರೆ ಸಣ್ಣದಾಗುತ್ತದೆ, ಬಣ್ಣ ತಿರುಗುತ್ತದೆ, ಗುಳ್ಳೆ ದಪ್ಪಗಾಗಿ ಪುಳಕ್ ಪುಳಕ್ ಅಂತ ಒಡೆಯುತ್ತದೆ. ಪಾಕ ಮಾಡುವ ಅಣ್ಣ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡಿದರು, ‘ಇಳ್ಸ್ರಪ್ಪಾ’ ಅಂದರು, ಅಷ್ಟೇ. ಥರ್ಮಾಮೀಟರ್ ಗಿರ್ಮಾಮೀಟರ್ ಏನೂ ಇಲ್ಲ. ಅಚ್ಚಿಗೆ ಹಾಕುವ ಮುಂಚೆ ಬಾಳೆ ಎಲೆ ಮೇಲೆ ಒಂದಿಷ್ಟು ಸುರಿದು ಕೊಟ್ಟರು. ಇನ್ನು ಯಾವ ಸ್ವೀಟ್ ಹತ್ತಿರವೂ ನನ್ನನ್ನು ಕರೀಬೇಡಿ.

ಸರಸ್ವತಿಪುರಂ ಸೈಕಲ್:
ಪುಟ್ಟಿ ಅವರೇ, ಬಾಯಲ್ಲಿ ನೀರು ಬಂತು. ಒಂದು ಡೌಟು, ನಮ್ಮ ಮನೆಯಲ್ಲಿ ಹಳದಿ ಬೆಲ್ಲವೇ ಒಳ್ಳೇದು ಅಂತ ತರುತ್ತಾರೆ. ನಿಮ್ಮದು ಯಾವ ಬಣ್ಣ ಇತ್ತು?

ಪಾಂಡವಪುರ ಪುಟ್ಟಿ:
ಕಂದು, ಕಪ್ಪಿಗೆ ಹತ್ತಿರ. ಹೊಳೆಯುವ ಹಳದಿ ಬರಲಿ ಅಂತ ತುಂಬಾ ಕಡೆ ಹೈಡ್ರೋಸ್ ಅನ್ನುವ, ಬಣ್ಣ ತಿಳಿ ಮಾಡುವ ರಾಸಾಯನಿಕ ಪುಡಿ ಹಾಕುತ್ತಾರೆ. ಗಿರಾಕಿ ಹಳದಿಯನ್ನೇ ಕೇಳಿದರೆ ಆಲೆಮನೆಯವರು ತಾನೇ ಏನು ಮಾಡಿಯಾರು?

ಹಳೇ ರೀಲು:
ನಂದು ಚಿಕ್ಕದು. ಮೈಸೂರ್ ಸ್ಯಾಂಡಲ್ ಸೋಪಿನ ಡಬ್ಬಿ. ಬಚ್ಚಲಲ್ಲಿ ಅಷ್ಟು ವರ್ಷದಿಂದ ಇದೆ, ಮೇಲಿರುವ ಪ್ರಾಣಿ ಯಾವುದು ಅಂತ ಮಗಳು ಕೇಳಿದಾಗಲೇ ಸರಿಯಾಗಿ ನೋಡಿದ್ದು. ಶರಭ, ಆನೆಯ ತಲೆ, ಸಿಂಹದ ಮೈ. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತಿತು. ಆಗ ಇಲ್ಲೇ ಎಣ್ಣೆ ತೆಗೆಯಲು ಶುರು ಮಾಡಿದರು, ಆ ಎಣ್ಣೆಯಿಂದ ಹುಟ್ಟಿದ ಸೋಪು ಇದು. ಅದನ್ನು ರೂಪಿಸಿದವರು ಎಸ್.ಜಿ. ಶಾಸ್ತ್ರಿ. ಚೌಕಾಕಾರದ ಸೋಪುಗಳ ನಡುವೆ ಮೊಟ್ಟೆಯಾಕಾರ, ಒಡವೆ ಪೆಟ್ಟಿಗೆ ಥರ ಡಬ್ಬಿ. ಈಗಿನ ಡಿಸೈನ್‌ನವರು ಇದನ್ನು ‘ಫ್ರೆಶ್’ ಮಾಡಲು ಕೈ ಹಾಕದಿದ್ದರೆ ಸಾಕಪ್ಪಾ.

ಪುಟ್ಟಿ, ಆ ಆಲೆಮನೆಗೆ ನಾವೂ ಬರಬಹುದಾ?

ಪಾಂಡವಪುರ ಪುಟ್ಟಿ:
ಧಾರಾಳವಾಗಿ ಬನ್ನಿ. ಬೆಳಿಗ್ಗೆ ಬೇಗ ಬಂದರೆ ಮೊದಲ ಪಾಕ ಸಿಗುತ್ತದೆ. ಸ್ಟೀಲ್ ಡಬ್ಬಿ ನೀವೇ ತನ್ನಿ, ಪ್ಲಾಸ್ಟಿಕ್ ಕವರಿಗೆ ಬಿಸಿ ಬೆಲ್ಲ ಹಾಕಿಕೊಡಿ ಅಂದರೆ ಆ ಅಣ್ಣನ ಹತ್ತಿರ ಚೆನ್ನಾಗಿ ಬೈಸಿಕೊಳ್ಳುತ್ತೀರಿ.